ಟೈಟಾನಿಯಂ ಕೊಳವೆಗೆ ಗಾಳಿ ಸೋಕದ ಹಾಗೆ

ಶಿವಮೊಗ್ಗದ ಸಾಗರ ರಸ್ತೆ ಕಡೆ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ಯಾವುದರ ಜೊತೆಗೂ ಬೆರೆಯದ ಆರ್ಗಾನ್ ಗ್ಯಾಸಿನ ಮರೆಯಲ್ಲಿ ವಿದ್ಯುತ್ ಕಿಡಿಯಿಂದ ಬೆಸೆಯುವ ಆರ್ಗಾನ್ ವೆಲ್ಡಿಂಗ್ ಅಂದರೆ ನಮಗೆ ಸ್ಟೇನ್‌ಲೆಸ್ ಸ್ಟೀಲು. ಹೋಟೆಲ್ ಅಡುಗೆಮನೆಯ ಮೇಜು, ಹಾಲಿನ ಟ್ಯಾಂಕು, ಅಡಿಕೆ ಬೇಯಿಸುವ ಹಂಡೆಗೊಂದು ನಲ್ಲಿ, ಇಂಥವೇ. ಟೈಟಾನಿಯಂ ಮುಟ್ಟಿದ್ದು ಒಬ್ಬ ಕಾಲೇಜು ಮೇಷ್ಟ್ರು ತಮ್ಮ ಸೈಕಲ್ ತಂದ ಮೇಲೆ.

ಅವರು ರಜೆ ಸಿಕ್ಕರೆ ತೀರ್ಥಹಳ್ಳಿ ದಾಟಿ ಆಗುಂಬೆವರೆಗೆ ಸೈಕಲ್ ಹೊಡೆಯುವವರು. ಸೆಕೆಂಡ್ ಹ್ಯಾಂಡ್ ಕೊಂಡ ಟೈಟಾನಿಯಂ ಫ್ರೇಮು. ಹಿಂದಿನ ಚಕ್ರದ ಆಕ್ಸಲ್ ಹತ್ತಿರದಿಂದ ಸೀಟಿನ ಕಡೆ ಎರಡು ಸಣ್ಣ ಕೊಳವೆ ಏರುತ್ತವಲ್ಲ, ಸೀಟ್ ಸ್ಟೇ ಅಂತಾರೆ. ಅದರಲ್ಲಿ ಎಡಗಡೆಯದು ಬ್ರೇಕ್ ಕೂರುವ ಅಡ್ಡಕೊಳವೆಯ ಪಕ್ಕ ಸೀಳಿತ್ತು.

"ಸೀಳಿನ ಮೇಲೆ ಒಂದು ವೆಲ್ಡ್ ಎಳೆದುಬಿಡಿ, ಸಾಕಲ್ವಾ?" ಎಂದರು.

ಸೀಳು ಕೊಳವೆಯ ಅರ್ಧ ಸುತ್ತು ಓಡಿತ್ತು. ಒಳಗೆ ಎಷ್ಟು ವರ್ಷದ ಮಳೆನೀರು, ಬೆವರು, ಚೈನಿನ ಎಣ್ಣೆ ಇಳಿದಿದೆಯೋ ಯಾರಿಗೆ ಗೊತ್ತು. ಅದರ ಮೇಲೆ ವೆಲ್ಡ್ ಹಾಕಿದರೆ ಕೊಳೆಯೂ ಲೋಹದ ಜೊತೆ ಕರಗಿ ಒಳಗೇ ಉಳಿಯುತ್ತದೆ. "ಸರ್, ಆ ಕೊಳವೆಯನ್ನೇ ತೆಗೆದು ಹೊಸದು ಹಾಕೋಣ. ಆದರೆ ನನಗೆ ಟೈಮ್ ಕೊಡಬೇಕು, ಮೊದಲು ತುಂಡುಗಳ ಮೇಲೆ ಕಲಿಯಬೇಕು" ಎಂದೆ. ಒಪ್ಪಿದರು. ಮಳೆಗಾಲದಲ್ಲಿ ಅವರೂ ಹೆಚ್ಚು ಓಡಿಸುವುದಿಲ್ಲ.

ಮುಂಬೈಯಿಂದ ಗ್ರೇಡ್ 9 ಟ್ಯೂಬು ತರಿಸಿದೆ. ಟೈಟಾನಿಯಂಗೆ ಶೇಕಡಾ 3 ಅಲ್ಯೂಮಿನಿಯಂ, 2.5 ವೆನೇಡಿಯಂ ಸೇರಿಸಿದ ಮಿಶ್ರಲೋಹ ಇದು. ವಿಮಾನದ ಹೈಡ್ರಾಲಿಕ್ ಲೈನುಗಳಿಗೆ ಬಳಸುವ ಟ್ಯೂಬು, ಒಳ್ಳೇ ಸೈಕಲ್ ಫ್ರೇಮುಗಳಿಗೂ ಇದೇ. ನಮಗೆ ಬೇಕಾದದ್ದು 16 ಮಿಲಿಮೀಟರ್ ವ್ಯಾಸ, 0.9 ಮಿಲಿಮೀಟರ್ ದಪ್ಪ. ಕೈಗೆ ತೆಗೆದುಕೊಂಡರೆ ತೂಕವೇ ಇಲ್ಲ ಅನ್ನಿಸುತ್ತದೆ. ಸ್ಟೀಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.85 ಗ್ರಾಂ, ಇದರದ್ದು 4.5.

ಕರಗಿಸುವುದು ಕಷ್ಟವಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. 1668 ಡಿಗ್ರಿಗೆ ಕರಗುತ್ತದೆ, ಆದರೆ ತೆಳ್ಳನೆ ಟ್ಯೂಬಿಗೆ 40 ಆಂಪಿಯರ್ ಆಸುಪಾಸು ಸಾಕು. ಕರಗಿದ ಲೋಹ ಕನ್ನಡಿಯಷ್ಟು ಶುಭ್ರ, ಹೇಳಿದ ಕಡೆ ಹರಿಯುತ್ತದೆ. ಸ್ಟೇನ್‌ಲೆಸ್ ಮಾಡಿದ ಕೈಗೆ ಇದು ಇನ್ನೂ ಸಲೀಸು. ತೊಂದರೆಯೆಲ್ಲ ಗಾಳಿಯದ್ದು. ಬಿಸಿಯಾದ ಟೈಟಾನಿಯಂ ಆಮ್ಲಜನಕ, ಸಾರಜನಕ, ಜಲಜನಕ ಮೂರನ್ನೂ ಹೀರಿಕೊಂಡು ಗಾಜಿನಷ್ಟು ಪೆಡಸಾಗುತ್ತದೆ. ಕರಗಿದಾಗ ಮಾತ್ರ ಅಲ್ಲ. ಗಟ್ಟಿಯಾಗಿ, ಕೆಂಪು ಹೋಗಿ, ನೋಡುವುದಕ್ಕೆ ತಣ್ಣಗಾದಂತೆ ಕಂಡರೂ ಸುಮಾರು 400 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಹೀರುತ್ತಲೇ ಇರುತ್ತದೆ. ಸ್ಟೇನ್‌ಲೆಸ್ಸಿನಲ್ಲಿ ಆರ್ಕ್ (ಬೆಸೆಯುವ ಕಿಡಿ) ನಿಂತ ಕೂಡಲೇ ಟಾರ್ಚ್ (ಕಿಡಿ, ಗ್ಯಾಸ್ ಎರಡೂ ಹೊರಡುವ ಹಿಡಿಕೆ) ಎತ್ತಿ ಮುಂದಿನ ಜಾಯಿಂಟಿಗೆ ಹೋಗುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಈ ಲೋಹದ ಹುಟ್ಟೇ ಹಾಗಿದೆ. ಕೇರಳದ ಕೊಲ್ಲಂ ಕಡೆಯ ಕಡಲತೀರದ ಕಪ್ಪು ಮರಳಿನಲ್ಲಿ ಇದರ ಅದಿರು ಇದೆ. ಅಲ್ಲೇ ಚವರದಲ್ಲಿ 2011ರಲ್ಲಿ ಟೈಟಾನಿಯಂ ಸ್ಪಾಂಜ್ (ತೂತುತೂತಾದ ಕಚ್ಚಾ ಲೋಹ) ತೆಗೆಯುವ ಘಟಕ ಶುರುವಾಯಿತು. ಕ್ರೋಲ್ ವಿಧಾನದಲ್ಲಿ ಟೈಟಾನಿಯಂ ಟೆಟ್ರಾಕ್ಲೋರೈಡನ್ನು ಮೆಗ್ನೀಸಿಯಂ ಜೊತೆ ಕಾಯಿಸಿ ಲೋಹ ತೆಗೆಯುತ್ತಾರೆ, ಅದೂ ಮುಚ್ಚಿದ ಪಾತ್ರೆಯೊಳಗೆ, ಆರ್ಗಾನ್ ತುಂಬಿಸಿ. ನಮ್ಮ ಪಕ್ಕದ ಭದ್ರಾವತಿಯಲ್ಲಿ ಕಬ್ಬಿಣದ ಅದಿರನ್ನು ಇದ್ದಿಲಿನಲ್ಲಿ ಕರಗಿಸಿದ ಕಾಲವಿತ್ತು. ಟೈಟಾನಿಯಂ ಅದಿರನ್ನು ಇದ್ದಿಲಿಗೆ ಹಾಕಿದರೆ ಇಂಗಾಲ ಸೇರಿ ಕಾರ್ಬೈಡ್ ಆಗಿಬಿಡುತ್ತದೆ, ಉಪಯೋಗದ ಲೋಹ ಬರುವುದೇ ಇಲ್ಲ. ಹುಟ್ಟುವಾಗ ಆರ್ಗಾನ್ ಬೇಕಾದದ್ದಕ್ಕೆ ಬೆಸೆಯುವಾಗಲೂ ಬೇಕು.

ಆದ್ದರಿಂದ ವೆಲ್ಡಿಂಗಿಗಿಂತ ಗ್ಯಾಸಿನ ಲೈನು ಜೋಡಿಸುವುದಕ್ಕೇ ಜಾಸ್ತಿ ಸಮಯ ಹೋಯಿತು. ಮೂರು ಕಡೆ ಆರ್ಗಾನ್ ಬೇಕು. ಟಾರ್ಚಿನ ಬಾಯಲ್ಲಿ ಒಂದು. ಈಗಷ್ಟೇ ಹಾಕಿದ ವೆಲ್ಡ್ ತಣ್ಣಗಾಗುವವರೆಗೆ ಅದರ ಮೇಲೆ ಒಂದು. ಕೊಳವೆಯ ಒಳಗೆ ಒಂದು.

ಟಾರ್ಚಿನ ಬಾಯಿಗೆ ಗ್ಯಾಸ್ ಇಳಿಸುವ ಮಾಮೂಲಿ ಕಪ್ ತೆಗೆದು ಗ್ಯಾಸ್ ಲೆನ್ಸ್ ಹಾಕಿದೆ. ಒಳಗೆ ಸಣ್ಣ ತಂತಿಜಾಲರಿ ಇರುತ್ತದೆ, ಗ್ಯಾಸ್ ಅದರಿಂದ ಸೋಸಿ ಸುಳಿ ಇಲ್ಲದೆ ನೇರ ಇಳಿಯುತ್ತದೆ. ಅದರ ಕಪ್ 12ನೇ ನಂಬರಿನದು, ಬಾಯಿ 19 ಮಿಲಿಮೀಟರ್. ನಿಮಿಷಕ್ಕೆ 12 ಲೀಟರ್ ಇಟ್ಟೆ. ಜಾಸ್ತಿ ಬಿಟ್ಟರೆ ಇನ್ನೂ ಒಳ್ಳೇದು ಅಂತ ಯಾರಿಗಾದರೂ ಅನ್ನಿಸುತ್ತದೆ, ಅದು ಉಲ್ಟಾ. ರಭಸ ಜಾಸ್ತಿಯಾದರೆ ಗ್ಯಾಸ್ ಸುಳಿ ಎದ್ದು ಪಕ್ಕದ ಗಾಳಿಯನ್ನು ತಾನೇ ಎಳೆದುಕೊಂಡು ಬರುತ್ತದೆ. ಟಂಗ್‌ಸ್ಟನ್ ಕಡ್ಡಿ, ಅಂದರೆ ಕಿಡಿ ಹೊರಡುವ ತುದಿ, 1.6 ಮಿಲಿಮೀಟರಿನ ಲ್ಯಾಂಥನೇಟೆಡ್ (ಲ್ಯಾಂಥನಂ ಆಕ್ಸೈಡ್ ಬೆರೆತದ್ದು), ಚೂಪಾಗಿ ಮಸೆದದ್ದು. ಕರೆಂಟ್ ಡಿಸಿ, ಟಾರ್ಚ್ ನೆಗೆಟಿವ್. ಇದೆಲ್ಲ ಸ್ಟೇನ್‌ಲೆಸ್ಸಿನ ಹಾಗೆಯೇ.

ಈಗಷ್ಟೇ ಹಾಕಿದ ವೆಲ್ಡನ್ನು ಕಾಯುವುದಕ್ಕೆ ತೆಳು ಸ್ಟೇನ್‌ಲೆಸ್ ತಗಡಿನಲ್ಲಿ ಟ್ಯೂಬಿನ ಸುತ್ತಳತೆಗೆ ಬಗ್ಗಿಸಿ ಒಂದು ಸಣ್ಣ ತೊಟ್ಟಿ ಮಾಡಿದೆವು. ಒಳಗೆ ಗ್ಯಾಸ್ ಹರಡಲು ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್! ಹೊಸದು ತಂದು, ಅಸಿಟೋನಿನಲ್ಲಿ ತೊಳೆದು ತುಂಬಿದೆ. ಅಂಗಡಿಯವನಿಗೆ ಯಾಕೆಂದು ಹೇಳಲಿಲ್ಲ. ಇದಕ್ಕೆ ನಿಮಿಷಕ್ಕೆ 5 ಲೀಟರ್.

ಗ್ಯಾಸಿನ ಶುದ್ಧತೆ ಇನ್ನೊಂದು ತಲೆನೋವು. ಸ್ಟೇನ್‌ಲೆಸ್ಸಿಗೆ ಬರುವ ಮಾಮೂಲಿ ಆರ್ಗಾನ್ ಇದಕ್ಕೆ ಸಾಲದು, ಶೇಕಡಾ 99.999 ಶುದ್ಧವಾದದ್ದು ಬೇಕು. ಅಂಥ ಸಿಲಿಂಡರ್ ತರಿಸಿದ ಮೇಲೂ ಮೊದಲ ತುಂಡುಗಳಲ್ಲಿ ವೆಲ್ಡ್ ಪಕ್ಕ ಹುಲ್ಲಿನ ಬಣ್ಣದಿಂದ ನೀಲಿಗೆ ತಿರುಗುವ ಅಂಚು ಬಿಡಲೇ ಇಲ್ಲ. ಲೀಕ್ ಇರಬೇಕು ಅಂತ ಎಲ್ಲ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ನೋಡಿದೆವು. ಒಂದು ಗುಳ್ಳೆ ಇಲ್ಲ. ಆಮೇಲೆ ಹೊಳೆದದ್ದು ಹೋಸು. ರಬ್ಬರ್ ಹೋಸು ಗಾಳಿಯ ತೇವವನ್ನು ಹೀರಿ ಒಳಗಿನ ಗ್ಯಾಸಿಗೆ ಬಿಡುತ್ತದೆ. ಬೇಸಿಗೆಯಲ್ಲಿ ಹೇಗೋ, ಜುಲೈನಲ್ಲಿ ಗೋಡೆಯೇ ಬೆವರುವ ನಮ್ಮೂರಿನಲ್ಲಿ ಅದಕ್ಕೆ ಕೇಳಬೇಕೇ. ಟೆಫ್ಲಾನ್ ಲೈನು ಹಾಕಿ, ಒಂದಿಷ್ಟು ಹೊತ್ತು ಗ್ಯಾಸ್ ಸುಮ್ನೆ ಹರಿಯಬಿಟ್ಟು ಒಣಗಿಸಿದ ಮೇಲೆ ಆ ಅಂಚು ಹೋಯಿತು. ಸಿಲಿಂಡರನ್ನು ತಳ ಮುಟ್ಟುವವರೆಗೆ ಬಳಸಬಾರದು ಅನ್ನುವುದೂ ಇದಕ್ಕೇ. ಒತ್ತಡ ಇಳಿದ ಹಾಗೆ ಉಳಿದ ಗ್ಯಾಸಿನಲ್ಲಿ ತೇವದ ಪಾಲು ಏರುತ್ತದೆ.

ತೇವ ಇನ್ನೊಂದು ಕಡೆಯಿಂದಲೂ ಬಂತು. ಟ್ಯೂಬನ್ನು ಅಸಿಟೋನಿನಿಂದ ಒರೆಸುತ್ತೇವೆ. ಅಸಿಟೋನು ಆರುವಾಗ ಲೋಹವನ್ನು ತಣ್ಣಗೆ ಮಾಡುತ್ತದೆ. ಹೊರಗೆ ಜಡಿಮಳೆ, ಶೆಡ್ಡಿನಲ್ಲಿ ತೇವ ತುಂಬಿದ ಗಾಳಿ. ಒರೆಸಿದ ಟ್ಯೂಬಿನ ಮೇಲೆ ತೆಳ್ಳಗೆ ಮಂಜು ಕೂರುತ್ತದೆ, ದೀಪಕ್ಕೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಆ ನೀರಿನ ಜಲಜನಕ ವೆಲ್ಡಿನೊಳಗೆ ಹೋದರೆ ಸೂಜಿತೂತುಗಳು. ಅದಕ್ಕೆ ಒಂದು ಹಳೇ ಪೆಟ್ಟಿಗೆಯಲ್ಲಿ ಬಲ್ಬ್ ಉರಿಸಿ, ಒರೆಸಿದ ತುಂಡುಗಳನ್ನು ಅದರಲ್ಲಿ ಬೆಚ್ಚಗಿಟ್ಟು ತೆಗೆದು ವೆಲ್ಡ್ ಮಾಡಿದೆವು. ಜಾಯಿಂಟಿಗೆ ಕರಗಿಸಿ ತುಂಬುವ ಫಿಲ್ಲರ್ ರಾಡುಗಳೂ ಅಲ್ಲೇ.

ಶುಚಿಯ ವಿಷಯದಲ್ಲಿ ನಾನು ಶೆಡ್ಡಿನ ಕೆಲಸದ ಹುಡುಗನಿಗೆ ಬಹಳ ಕಿರಿಕಿರಿ ಕೊಟ್ಟೆ. ಬರಿಗೈಯಲ್ಲಿ ಮುಟ್ಟಬೇಡ, ನೈಟ್ರೈಲ್ ಗ್ಲೌಸ್ ಹಾಕು. ಸ್ಟೀಲಿಗೆ ಬಳಸಿದ ಬ್ರಶ್ಶು, ಅರ ಇಲ್ಲಿ ತರಬೇಡ. ಗ್ರೈಂಡಿಂಗ್ ಕಲ್ಲು ಮುಟ್ಟಿಸಲೇಬೇಡ, ಕಾರ್ಬೈಡ್ ಬರ್ (ತಿರುಗುತ್ತಾ ಕೆರೆಯುವ ಹಲ್ಲಿನ ತುದಿ) ಮಾತ್ರ. ಕ್ಲೋರಿನ್ ಇರುವ ಕ್ಲೀನರ್ ಬೇಡ, ಆಮೇಲೆ ಬಿಸಿಯಲ್ಲಿ ಬಿರುಕು ಬರುತ್ತದೆ. "ಅಣ್ಣ, ನಮ್ಮ ಮನೆ ದೇವರ ಕೋಣೆಗೂ ಇಷ್ಟು ಮಡಿ ಇಲ್ಲ" ಎಂದ. ಅರದ ಪುಡಿಯನ್ನು ದಿನವೂ ಗುಡಿಸಿ ಮುಚ್ಚಳದ ಡಬ್ಬಿಗೆ ಹಾಕಿಸಿದೆ. ಟೈಟಾನಿಯಂ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕುವ ಹಾಗಿಲ್ಲ. ಉರಿಯುವ ಲೋಹ ನೀರನ್ನು ಒಡೆದು ಜಲಜನಕ ಮಾಡುತ್ತದೆ, ಬೆಂಕಿ ಇನ್ನೂ ಏರುತ್ತದೆ. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇಟ್ಟಿದ್ದೆವು. ಮಳೆಗಾಲದಲ್ಲಿ ಒಣ ಮರಳು ಹುಡುಕುವುದೇ ಒಂದು ಕೆಲಸ ಆಯಿತು.

ಇನ್ನು ಬಣ್ಣ. ಕೆಲವು ತುಂಡುಗಳನ್ನು ಬೇಕಂತಲೇ ಕೆಡಿಸಿದೆ. ಒಂದಕ್ಕೆ ಒಳಗೆ ಗ್ಯಾಸ್ ಕೊಡಲಿಲ್ಲ. ಒಂದರ ಮೇಲಿಂದ ಟಾರ್ಚನ್ನು ಬೇಗ ಎತ್ತಿದೆ. ಒಂದಕ್ಕೆ ಪಕ್ಕದಲ್ಲಿ ಫ್ಯಾನ್ ಹಾಕಿದೆ. ಚೆನ್ನಾಗಿ ಕಾಯ್ದ ವೆಲ್ಡು ಬೆಳ್ಳಿ. ಸ್ವಲ್ಪ ಗಾಳಿ ಸೋಕಿದರೆ ಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ಇನ್ನೂ ಕೆಟ್ಟರೆ ಬೂದಿ, ಕೊನೆಗೆ ಉದುರುವ ಬಿಳಿ ಪುಡಿ. ಇದು ಬಣ್ಣದ ವಸ್ತುವೇ ಅಲ್ಲ, ಆಕ್ಸೈಡ್ ಪದರದ ದಪ್ಪ ಬೆಳಕಿನ ಜೊತೆ ಆಡುವ ಆಟ. ಮಳೆ ನಿಂತ ರಸ್ತೆಯಲ್ಲಿ ಲಾರಿ ಸೋರಿಸಿದ ಡೀಸೆಲ್ ಮೇಲೆ ಕಾಣುವ ಬಣ್ಣದ ಹಾಗೆ. ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ, ಅಂದರೆ ಬಿಸಿಯಲ್ಲಿ ಎಷ್ಟು ಗಾಳಿ ಸೋಕಿತು ಅನ್ನುವುದನ್ನು ಅದೇ ಬರೆದಿಡುತ್ತದೆ. ವೈಸಿಗೆ ಹಿಡಿದು ಬಗ್ಗಿಸಿದರೆ ಬೆಳ್ಳಿ ತುಂಡು ಮಣಿಯಿತು. ಬೂದಿ ತುಂಡು ಟಕ್ ಅಂತ ಸೀಳಿತು.

ಇಲ್ಲಿ ನನಗೊಂದು ಸಿಟ್ಟಿದೆ. ಫೋನಿನಲ್ಲಿ ನೋಡಿದರೆ ಟೈಟಾನಿಯಂ ಸೈಲೆನ್ಸರ್ ಪೈಪಿನ ನೀಲಿ ನೇರಳೆ ವೆಲ್ಡುಗಳಿಗೆ ಎಷ್ಟು ಮೆಚ್ಚುಗೆ! ಒಬ್ಬ ಹುಡುಗ ನನ್ನ ಹತ್ತಿರ ಬಂದು ಬೈಕಿನ ಸೈಲೆನ್ಸರಿಗೆ "ಹಂಗೇ ಕಲರ್ ಬರಬೇಕು" ಅಂತ ಕೇಳಿದ್ದೂ ಇದೆ. ಶೋಕಿಗೆ ಬಣ್ಣ ಬೇಕಾದರೆ ಮುಗಿದ ಮೇಲೆ ಬೇರೆ ಹಚ್ಚಬಹುದು, ವಿದ್ಯುತ್ತಿನಲ್ಲಿ ಆನೋಡೈಸ್ ಮಾಡಬಹುದು. ವೆಲ್ಡಿನ ಮೇಲೆ ತಾನಾಗಿ ಬಂದ ನೀಲಿ ಅಂದರೆ ಗ್ಯಾಸ್ ತಪ್ಪಿದೆ ಅಂತಲೇ ಅರ್ಥ.

ಬಣ್ಣವನ್ನು ಪೂರ್ತಿ ನಂಬುವ ಹಾಗೂ ಇಲ್ಲ, ಕಲಿತದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ನೀಲಿಯಾದ ಟ್ಯಾಕ್ (ತುಂಡುಗಳು ಅಲುಗದಂತೆ ಮೊದಲು ಹಾಕುವ ಚುಕ್ಕೆ ವೆಲ್ಡ್) ಮೇಲೆ ಇನ್ನೊಂದು ಸಲ ಚೆನ್ನಾಗಿ ಗ್ಯಾಸ್ ಕೊಟ್ಟು ವೆಲ್ಡ್ ಎಳೆದರೆ ನೀಲಿ ಮಾಯ, ಬೆಳ್ಳಿ ಬರುತ್ತದೆ. ನೋಡುವವರಿಗೆ ಖುಷಿ. ಆದರೆ ಕರಗಿದ ಟೈಟಾನಿಯಂ ತನ್ನ ಆಕ್ಸೈಡನ್ನು ತಾನೇ ಕರಗಿಸಿಕೊಳ್ಳುತ್ತದೆ. ಮೇಲಿದ್ದ ಆಮ್ಲಜನಕ ಒಳಗೆ ಹೋಗಿದೆ, ಅಷ್ಟೆ. ಬ್ರಶ್ ಹೊಡೆದು ಬಣ್ಣ ತೆಗೆದರೂ ಕತೆ ಅದೇ. ಆದ್ದರಿಂದ ನೀಲಿ ಬಂದ ಟ್ಯಾಕನ್ನು ಬರ್‌ನಿಂದ ಕೆರೆದು ತೆಗೆದು ಮತ್ತೆ ಹಾಕಬೇಕು.

ಫ್ರೇಮಿನ ಸರದಿ ಬಂತು. ಹಳೇ ಕೊಳವೆ ಕೊಯ್ದು, ಉಳಿದ ತುದಿಗಳನ್ನು ನಿಧಾನಕ್ಕೆ ಕೆರೆದು ಹೊಸ ಲೋಹ ಕಾಣುವವರೆಗೆ ತಂದೆ. ಹೊಸ ಟ್ಯೂಬಿನ ತುದಿಯನ್ನು ಸೀಟ್ ಟ್ಯೂಬಿನ, ಅಂದರೆ ಸೀಟಿನ ಕಂಬ ಇಳಿಯುವ ಕೊಳವೆಯ, ದುಂಡಿಗೆ ಕೂರುವಂತೆ ಅರದಲ್ಲಿ ಕೊರೆದೆ. ಇಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಗ್ಯಾಸ್ ಅಲ್ಲಿಂದಲೇ ಸೋರುತ್ತದೆ, ಗಾಳಿ ಅಲ್ಲಿಂದಲೇ ನುಗ್ಗುತ್ತದೆ.

ಒಳಗೆ ಗ್ಯಾಸ್ ತುಂಬುವ ದಾರಿಯನ್ನು ಕಾಗದದ ಮೇಲೆ ಬರೆದು ಯೋಚಿಸಿದೆ. ಸೀಟ್ ಸ್ಟೇ ಒಳಗೆ ತುಂಬಿದರೆ ಸಾಕು ಅಂತ ಹುಡುಗ ಅಂದುಕೊಂಡಿದ್ದ. ಸೀಟ್ ಟ್ಯೂಬಿನ ಗೋಡೆಯೂ ತೆಳು. ಹೊರಗೆ ವೆಲ್ಡ್ ಹಾಕುವಾಗ ಅದರ ಒಳಮೈಯೂ ಕೆಂಪಗೆ ಕಾಯುತ್ತದೆ. ಅಲ್ಲಿ ಗಾಳಿ ಇದ್ದರೆ ಹೊರಗೆ ಬೆಳ್ಳಿ, ಒಳಗೆ ಬೂದಿ. ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಎರಡಕ್ಕೂ ತುಂಬಬೇಕು, ಸೀಟ್ ಟ್ಯೂಬಿನಿಂದ ಸ್ಟೇಗೆ ಗ್ಯಾಸ್ ಹಾಯಲು ಜಾಯಿಂಟಿನೊಳಗೆ ಒಂದು ಸಣ್ಣ ತೂತು ಬೇಕು.

ಆರ್ಗಾನ್ ಗಾಳಿಗಿಂತ ಸುಮಾರು ಒಂದೂಕಾಲು ಪಟ್ಟಿಗೂ ಹೆಚ್ಚು ಭಾರ. ಕೆಳಗಿಂದ ಬಿಟ್ಟರೆ ಗಾಳಿಯನ್ನು ಮೇಲಕ್ಕೆ ತಳ್ಳುತ್ತಾ ತುಂಬುತ್ತದೆ. ಅದಕ್ಕೆ ಫ್ರೇಮನ್ನೇ ತಲೆಕೆಳಗೆ ನಿಲ್ಲಿಸಿದೆ. ಸೀಟ್ ಕಂಬ ಕೂರುವ ಬಾಯಿ ಈಗ ತಳಕ್ಕೆ ಬಂತು, ಅಲ್ಲಿ ಸಿಲಿಕೋನ್ ಬಿರಡೆ ಹಾಕಿ ಗ್ಯಾಸ್ ಕೊಟ್ಟೆ. ಪೆಡಲ್ ಕಡೆಯ ತುದಿ ಮೇಲೆ, ಅದಕ್ಕೆ ಅಲ್ಯೂಮಿನಿಯಂ ಟೇಪು ಅಂಟಿಸಿ ಸೂಜಿಯಲ್ಲಿ ಚುಚ್ಚಿದೆ. ಆಕ್ಸಲ್ ಕೂರುವ ತಟ್ಟೆಯ ಕಡೆ ಸ್ಟೇ ತುದಿಯೂ ಮೇಲೆ, ಅಲ್ಲಿ ಒಂದು ಸಣ್ಣ ತೂತು. ಈ ತೂತು ಮುಚ್ಚಿದರೆ ಕೊನೆಯ ಹನಿ ಕರಗುವಾಗ ಒಳಗಿನ ಗ್ಯಾಸ್ ಹಿಗ್ಗಿ ಅದನ್ನು ಪುಸಕ್ಕನೆ ಹೊರಗೆ ಊದಿಬಿಡುತ್ತದೆ.

ಒಳಗಿನ ಜಾಗ ಅರ್ಧ ಲೀಟರಿಗಿಂತ ಕಡಿಮೆ. ಅದರ ಹತ್ತು ಪಟ್ಟಾದರೂ ಗ್ಯಾಸ್ ಹಾಯಬೇಕು ಅನ್ನುವುದು ಲೆಕ್ಕ. ನಿಮಿಷಕ್ಕೆ 5 ಲೀಟರ್ ಬಿಟ್ಟರೆ ಒಂದು ನಿಮಿಷದ ಕೆಲಸ, ನಾನು ಹತ್ತು ನಿಮಿಷ ಬಿಟ್ಟೆ. ಮೂಲೆಗಳಲ್ಲಿ ಸಿಕ್ಕಿಬಿದ್ದ ಗಾಳಿ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ. ವೆಲ್ಡ್ ಮಾಡುವಾಗ 3 ಲೀಟರಿಗೆ ಇಳಿಸಿದೆ. ಪ್ರತಿ ಸಲ ಶುರು ಮಾಡುವ ಮೊದಲು ಪಕ್ಕದಲ್ಲಿ ಇಟ್ಟ ಚೂರು ಟೈಟಾನಿಯಂ ಮೇಲೆ ಒಂದು ಚುಕ್ಕೆ ಹಾಕಿ ನೋಡುವುದು. ಚುಕ್ಕೆ ಬೆಳ್ಳಿಯಾದರೆ ಮುಂದೆ, ಇಲ್ಲದಿದ್ದರೆ ಲೈನು ನೋಡು.

ಗಾಳಿ ಬೀಸಬಾರದು ಅಂತ ಶಟರ್ ಇಳಿಸಿ ಫ್ಯಾನ್ ಆಫ್ ಮಾಡಿದ್ದೆವು. ಆದರೂ ತಗ್ಗಿನ ಕಡೆ ಬಾಗಿಲು ಒಂದು ಗೇಣು ತೆರೆದೇ ಇಟ್ಟೆ. ಆರ್ಗಾನ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನೆಲದ ಮಟ್ಟದಲ್ಲಿ ತುಂಬಿಕೊಂಡರೆ ಉಸಿರಾಡುವ ಆಮ್ಲಜನಕ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಬಗ್ಗಿ ಕೂತು ಕೆಲಸ ಮಾಡುವವನಿಗೇ ಮೊದಲ ಅಪಾಯ.

ವೆಲ್ಡಿಂಗ್ ಬಗ್ಗೆ ಹೇಳುವುದು ಕಡಿಮೆ. ಕಾಲು ಸುತ್ತು ಎಳೆದು ನಿಲ್ಲಿಸುವುದು, ಆರ್ಕ್ ನಿಂತ ಮೇಲೂ ಟಾರ್ಚನ್ನು ಅಲ್ಲೇ ಹಿಡಿದು ಅರ್ಧ ನಿಮಿಷ ಕಾಯುವುದು. ಫಿಲ್ಲರ್ ರಾಡಿನ ಬಿಸಿ ತುದಿ ಗ್ಯಾಸಿನಿಂದ ಹೊರಗೆ ಬರಬಾರದು. ಬಂದರೆ ಆ ತುದಿಯನ್ನು ಕತ್ತರಿಸಿ ಎಸೆದು ಮುಂದುವರಿಯುವುದು. ಸೀಟ್ ಟ್ಯೂಬಿನ ಜಾಯಿಂಟು, ಬ್ರೇಕಿನ ಅಡ್ಡಕೊಳವೆ ಎರಡೂ ಬೆಳ್ಳಿಯಾಗಿ ಬಂದವು.

ಆಕ್ಸಲ್ ತಟ್ಟೆಯ ಜಾಯಿಂಟಿನಲ್ಲಿ ಕರೆಂಟ್ ಹೋಯಿತು. ಮಳೆಗಾಲ, ಎಲ್ಲೋ ಲೈನಿನ ಮೇಲೆ ಕೊಂಬೆ ಬಿದ್ದಿರಬೇಕು. ಆರ್ಕ್ ನಿಲ್ಲುವುದು ದೊಡ್ಡ ವಿಷಯವಲ್ಲ. ಟಾರ್ಚಿನ ಗ್ಯಾಸ್ ಮಷಿನ್ನಿನೊಳಗಿನ ಸೊಲೆನಾಯ್ಡ್ ವಾಲ್ವಿನಿಂದ ಬರುತ್ತದೆ, ಕರೆಂಟ್ ಹೋದರೆ ಆ ವಾಲ್ವ್ ಮುಚ್ಚುತ್ತದೆ. ಕೆಂಪಗೆ ಕಾದ ವೆಲ್ಡು ಬರಿಮೈಯಾಗುತ್ತದೆ. ಆ ತಟ್ಟೆ ದಪ್ಪ, ತಣ್ಣಗಾಗಲು ಹೊತ್ತು ಬೇರೆ ಬೇಕು. ನಮ್ಮೂರಿನ ಜುಲೈ ಗೊತ್ತಿದ್ದರಿಂದ ತಗಡಿನ ತೊಟ್ಟಿಯ ಲೈನನ್ನೂ ಒಳಗಿನ ಲೈನನ್ನೂ ಮಷಿನ್ನಿಗೆ ಕೊಡದೆ ನೇರ ಬೇರೆ ರೆಗ್ಯುಲೇಟರಿನಿಂದ ತೆಗೆದಿದ್ದೆ. ಕತ್ತಲಲ್ಲಿ ಹುಡುಗ ಮೊಬೈಲ್ ಲೈಟ್ ಹಾಕಿದ. ತೊಟ್ಟಿಯನ್ನು ವೆಲ್ಡಿನ ಮೇಲೆ ಜರುಗಿಸಿ ಹಿಡಿದೆ. ಕರೆಂಟ್ ಬಂದ ಮೇಲೆ ನೋಡಿದರೆ ಒಂದು ಕಡೆ ತಿಳಿ ಹುಲ್ಲಿನ ಬಣ್ಣ, ಬಾಕಿ ಬೆಳ್ಳಿ. ತಿಳಿ ಹುಲ್ಲಿನ ಬಣ್ಣ ನಡೆಯುತ್ತದೆ. ಉಳಿದ ಅರ್ಧ ಸುತ್ತನ್ನು ಜನರೇಟರ್ ಹಾಕಿ ಮುಗಿಸಿದೆವು.

ಮಲೆನಾಡಿನಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಈ ಒಂದನ್ನು ಮಾತ್ರ ಮರೆಯಬೇಡಿ: ಎಲ್ಲ ಗ್ಯಾಸನ್ನೂ ಮಷಿನ್ನಿನ ಮೇಲೆ ಬಿಡಬೇಡಿ.

ಖರ್ಚಿನಲ್ಲಿ ದೊಡ್ಡ ಪಾಲು ಆರ್ಗಾನ್. ಮೂರೂ ಲೈನು ಸೇರಿ ನಿಮಿಷಕ್ಕೆ 20 ಲೀಟರ್. 7 ಘನ ಮೀಟರಿನ ಸಿಲಿಂಡರ್ ಒಂದೇ ಸಮನೆ ಬಿಟ್ಟರೆ 6 ಗಂಟೆಯೂ ಬರುವುದಿಲ್ಲ. ಆರ್ಕ್ ಉರಿದದ್ದು ಕೆಲವೇ ನಿಮಿಷ. ಮೇಷ್ಟ್ರಿಗೆ ಬಿಲ್ಲಿನಲ್ಲಿ ಗ್ಯಾಸ್ ಬೇರೆ, ಕೂಲಿ ಬೇರೆ ಬರೆದು ತೋರಿಸಿದೆ. "ಟ್ಯೂಬಿಗಿಂತ ಗಾಳಿಗೇ ದುಡ್ಡು ಜಾಸ್ತಿ ಆಯ್ತಲ್ಲ" ಎಂದರು. "ಗಾಳಿ ಬರದೇ ಇರೋದಕ್ಕೆ ಸರ್" ಎಂದೆ.

ಕೊಡುವ ಮೊದಲು ಬಿರುಕು ತೋರಿಸುವ ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಹೊಡೆದು ನೋಡಿದೆ. ಎಲ್ಲೂ ಕೆಂಪು ಗೆರೆ ಏಳಲಿಲ್ಲ. ಹಿಂದಿನ ಚಕ್ರ ಹಾಕಿ ದಾರ ಹಿಡಿದು ನೋಡಿದರೆ ಫ್ರೇಮು ನೇರ ಇತ್ತು.

ಬಲಗಡೆಯ ಸ್ಟೇ ಇನ್ನೂ ಹಳೆಯದೇ. ಎಡಗಡೆಯದು ಸೀಳಿದ ಜಾಗದಲ್ಲಿ ಅದಕ್ಕೂ ಅಷ್ಟೇ ಸುಸ್ತಾಗಿರುತ್ತದೆ. ಆದ್ದರಿಂದ ಪ್ರತಿ ಸಲ ಘಾಟಿ ಇಳಿದು ಬಂದ ಮೇಲೆ ಅಡ್ಡಕೊಳವೆಯ ಎರಡೂ ಪಕ್ಕ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಲೈಟ್ ಹಾಕಿ, ಉಗುರು ಎಳೆದು ನೋಡಿ ಅಂತ ಹೇಳಿ ಕಳಿಸಿದ್ದೇನೆ.